ನನ್ನ ಅಡ್ಡಹೆಸರು ಮೆಣಸಿನಕಾಯಿ

ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಹಿಡಿದು ನಗುವುದು ನಮ್ಮ ಜನಕ್ಕೆ ಹಳೆಯ ಚಟ. ನಾಲ್ಕು ಮಂದಿ ಸೇರಿದಲ್ಲಿ ಮಾತು ಬತ್ತಿತೆಂದರೆ ಯಾರಾದರೊಬ್ಬರು ಉಳ್ಳಾಗಡ್ಡಿಯವರನ್ನೋ ಬೆಲ್ಲದವರನ್ನೋ ಎಳೆದು ತರುತ್ತಾರೆ. 'ಉಳ್ಳಾಗಡ್ಡಿಯವರ ಮಗಳನ್ನು ಮೆಣಸಿನಕಾಯಿಯವರ ಮನೆಗೆ ಕೊಟ್ಟಾರಂತ, ಇನ್ನ ಒಗ್ಗರಣಿಗೆ ಎಣ್ಣಿಯವರು ಬರೋದೊಂದ ಬಾಕಿ' ಎಂಬ ಮಾತನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಹೇಳುವವರು ಪ್ರತಿ ಸಲವೂ ಅದನ್ನು ತಾವೇ ಈಗಷ್ಟೇ ಹೊಸೆದವರಂತೆ ಹೇಳುತ್ತಾರೆ. ನನಗಂತೂ ಅದಕ್ಕೆ ನಗು ಬರುವುದು ನಿಂತು ಬಹಳ ವರ್ಷಗಳಾದವು. ಏಕೆಂದರೆ ನಾನು ಹುಟ್ಟಿದ್ದೇ ಮೆಣಸಿನಕಾಯಿಯವರ ಮನೆಯಲ್ಲಿ.

ಮೈಸೂರು ಕಡೆಯ ಓದುಗರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಿಮ್ಮಲ್ಲಿ ಅಡ್ಡಹೆಸರು ಎಂದರೆ ಗೆಳೆಯರು ತಮಾಷೆಗೆ ಇಟ್ಟ ಹೆಸರು. ನಮ್ಮಲ್ಲಿ ಹಾಗಲ್ಲ, ಅದು ಮನೆತನದ ಹೆಸರು. 1956ರವರೆಗೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆ ಮುಂಬಯಿಗೆ ಸೇರಿತ್ತು. ಶಾಲೆಯ ಪಟ್ಟಿಯಿಂದ ಹಿಡಿದು ಹೊಲದ ಉತಾರದವರೆಗೆ ಎಲ್ಲ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಬರೆಸುವುದು ಅಲ್ಲಿಯ ಪದ್ಧತಿ. ನಿಮಗೆ ಎರಡು ಇನಿಷಿಯಲ್ಲುಗಳಲ್ಲಿ ಮುಗಿದುಹೋಗುವ ಕೆಲಸಕ್ಕೆ ನಮಗೆ ಒಂದು ಇಡೀ ಸಾಲು ಬೇಕು. ಅಂಗಡಿ ಇಟ್ಟವರು ಅಂಗಡಿಯಾದರು, ಓಣಿಯ ಮೂಲೆಯಲ್ಲಿ ಮನೆ ಇದ್ದವರು ಮೂಲಿಮನಿಯಾದರು, ಹೊಸದಾಗಿ ಕಟ್ಟಿಸಿದವರು ಹೊಸಮನಿಯಾದರು. ಬೇರೆ ಊರಿನಿಂದ ಬಂದವರಿಗೆ ಆ ಊರೇ ಅಂಟಿಕೊಂಡಿತು. ಇನ್ನು ಯಾವನೋ ಒಬ್ಬ ಪೂರ್ವಜನ ಹೆಸರಿಗೆ 'ಅಣ್ಣವರ', 'ಅಪ್ಪನವರ' ಎಂದು ಬಾಲ ಹಚ್ಚಿಕೊಂಡ ಮನೆತನಗಳಿಗಂತೂ ಲೆಕ್ಕವೇ ಇಲ್ಲ. 'ಅವ್ವನವರ' ಎಂದು ಮುಗಿಯುವ ಹೆಸರನ್ನು ಮಾತ್ರ ದುರ್ಬೀನು ಹಾಕಿಕೊಂಡು ಹುಡುಕಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಹೆಸರುಗಳ ಜಾತ್ರೆಯಲ್ಲಿ ಎಲ್ಲಿ ನೋಡಿದರೂ ಸಿಗುವುದು ಎರಡು: ಪಾಟೀಲ ಮತ್ತು ಕುಲಕರ್ಣಿ. ಅವು ಏಕೆ ಅಷ್ಟು ಹೆಚ್ಚು ಎಂದು ಕೇಳಿದರೆ ಬಹಳ ಜನ 'ದೊಡ್ಡ ಮನೆತನ' ಎನ್ನುತ್ತಾರೆ. ಕಾರಣ ಅಷ್ಟು ದೊಡ್ಡದೇನಲ್ಲ. ಊರಿಗೊಬ್ಬ ಪಾಟೀಲ ಬೇಕು, ಲೆಕ್ಕ ಬರೆಯಲು ಒಬ್ಬ ಕುಲಕರ್ಣಿ ಬೇಕು. ಸಾವಿರ ಊರುಗಳಿದ್ದರೆ ಸಾವಿರ ಪಾಟೀಲರು. ಅವರಿಗೂ ಇವರಿಗೂ ರಕ್ತಸಂಬಂಧವೂ ಇಲ್ಲ, ಒಮ್ಮೊಮ್ಮೆ ಜಾತಿಯೂ ಒಂದಲ್ಲ. ಅದೊಂದು ಹುದ್ದೆ, ಈಗಿನ ತಲಾಟಿಯ ಹಾಗೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯದೆ ಬಂದು ವತನ ಹೋಯಿತು, ಅಧಿಕಾರ ಹೋಯಿತು. ಹೆಸರು ಮತ್ತು ಮೀಸೆ ಉಳಿದವು. ನಾಳೆ ಯಾರಾದರೂ ತಮ್ಮ ಮನೆತನಕ್ಕೆ 'ಹೆಡ್ ಕ್ಲಾರ್ಕ್' ಎಂದು ಹೆಸರಿಟ್ಟುಕೊಂಡರೆ ನಾವು ನಗುತ್ತೇವೆ. ಪಾಟೀಲ ಎಂದರೆ ಎದ್ದು ನಿಲ್ಲುತ್ತೇವೆ. ಸರಕಾರ ಕೊಟ್ಟ ಹೆಸರಿಗೆ ಗೌರವ, ಸಂತೆ ಕೊಟ್ಟ ಹೆಸರಿಗೆ ನಗೆ! ಅಧಿಕಾರ ನಡೆಸಿದವನ ಮೊಮ್ಮಗ ತಲೆಯೆತ್ತಿ ನಡೆಯಬೇಕು, ಮಾಲು ತೂಗಿ ಮಾರಿದವನ ಮೊಮ್ಮಗ ಹೆಸರು ಹೇಳುವಾಗ ದನಿ ತಗ್ಗಿಸಬೇಕು. ಇದು ಎಲ್ಲಿಯ ನ್ಯಾಯ?

ನಮ್ಮ ಹೆಸರು ಪಾಟೀಲದಷ್ಟು ಸುಲಭವಾಗಿ ಸಿಗುವುದಲ್ಲ. ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆ ಕೇಳಿದವರಿದ್ದಾರೆ, ತುಂಗಭದ್ರೆ ದಾಟಿದರೆ 'ಏನಂದ್ರಿ?' ಎಂದು ಎರಡನೆಯ ಸಲ ಕೇಳುತ್ತಾರೆ. ಆದರೆ ಬೇರೆ ಎಷ್ಟೋ ಹೆಸರುಗಳಿಗೆ ಇಲ್ಲದ ಒಂದು ಗುಣ ಇದಕ್ಕಿದೆ. ಇದರ ವಯಸ್ಸನ್ನು ಅಂದಾಜು ಮಾಡಬಹುದು. ಮೆಣಸಿನಕಾಯಿ ನಮ್ಮ ನೆಲದ ಬೆಳೆಯಲ್ಲ. ಅದರ ತವರು ಅಮೆರಿಕ ಖಂಡ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ತುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಆ ಶತಮಾನದಲ್ಲಿ ಅವರ ಹಡಗುಗಳ ಮೂಲಕ ಈ ಕಾಯಿ ಇಲ್ಲಿಗೆ ಬಂತು. ಆದ್ದರಿಂದ 'ನಮ್ಮದು ಸಾವಿರ ವರ್ಷದ ಮನೆತನ' ಎಂದು ಮೆಣಸಿನಕಾಯಿಯವರು ಯಾರೂ ಹೇಳಿಕೊಳ್ಳುವಂತಿಲ್ಲ. ನಮ್ಮ ಕಾಕಾ ಒಬ್ಬರು ಹೇಳಿಕೊಳ್ಳುತ್ತಿದ್ದರು, ಆ ಮಾತು ಬೇರೆ.

ಅದಕ್ಕೂ ಮೊದಲು ಕನ್ನಡದಲ್ಲಿ ಮೆಣಸು ಎಂದರೆ ಕಪ್ಪು ಕಾಳು ಒಂದೇ. ಊಟಕ್ಕೆ ಖಾರ ಎಂದರೆ ಅದೇ. ಹೊಸ ಕಾಯಿ ಬಂದಾಗ ಜನ ಅದಕ್ಕೆ ಬೇರೆ ಹೆಸರು ಹುಡುಕಲು ಹೋಗದೆ, ಮೆಣಸಿನ ಹಾಗೆ ಉರಿಯುವ ಕಾಯಿ, ಮೆಣಸಿನಕಾಯಿ ಎಂದರು. ಬರಬರುತ್ತ ಹೊಸಬಳೇ ಮನೆಯೊಡತಿಯಾಗಿ, ಹುಟ್ಟುಮನೆಯ ಮಗಳಾದ ಮೆಣಸು 'ಕಾಳುಮೆಣಸು', 'ಕರಿಮೆಣಸು' ಎಂದು ತನ್ನ ಗುರುತನ್ನು ಬಿಡಿಸಿ ಹೇಳಿಕೊಳ್ಳಬೇಕಾಯಿತು. ಅದೇ 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು 'ಮೆಣಸಿನ ರಾಣಿ' ಎಂದು ಕರೆದರು. ಅವಳ ಬಂದರುಗಳಿಂದ ಹೊರಟ ಮೆಣಸು ಅವರಿಗೆ ಅಷ್ಟು ಬೇಕಾಗಿತ್ತು. ಆ ಬಿರುದನ್ನು ಕೇಳಿ ಯಾರೂ ಕಿಸಕ್ಕೆಂದು ನಗುವುದಿಲ್ಲ, ಹೆಮ್ಮೆಯಿಂದ ಪುಸ್ತಕ ಬರೆಯುತ್ತಾರೆ. ರಾಣಿಯ ಹೆಸರಿಗೆ ಮೆಣಸು ಅಂಟಿದರೆ ಇತಿಹಾಸ, ಮಾಸ್ತರತಿಯ ಹೆಸರಿಗೆ ಅಂಟಿದರೆ ತಮಾಷೆ.

ನಮ್ಮ ಮನೆಗೆ ಈ ಹೆಸರು ಬಂದ ಬಗೆಯನ್ನು ನಮ್ಮ ಆಯಿ ಹೇಳುತ್ತಿದ್ದಳು. ಅಜ್ಜನ ಅಜ್ಜ ಸುತ್ತಿನ ಹಳ್ಳಿಗಳಲ್ಲಿ ಒಣಕಾಯಿ ಖರೀದಿ ಮಾಡಿ ಬಂಡಿಯಲ್ಲಿ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದನಂತೆ. 'ಮೆಣಸಿನಕಾಯಿ ಬಂಡಿ ಬಂತು' ಎನ್ನುವುದು 'ಮೆಣಸಿನಕಾಯಿಯವ ಬಂದ' ಎಂದಾಗಿ, ಕೊನೆಗೆ ಕಾಗದಕ್ಕೆ ಏರಿತು. ಬಂಡಿ ಹೊಡೆದವನ ಕಥೆ ಹೀಗೆ ಮೂರು ತಲೆಮಾರು ದಾಟಿ ಬಂದಿದೆ. ಬಂಡಿ ತುಂಬಿಸಿದವರ ಕಥೆಯನ್ನು ಯಾರೂ ಕೇಳಲಿಲ್ಲ. ಅಂಗಳದಲ್ಲಿ ಕಾಯಿ ಹರವಿದವರು, ಮೋಡ ಕಂಡೊಡನೆ ಮಕ್ಕಳನ್ನು ಬಿಟ್ಟು ಅವನ್ನು ಬಾಚಿ ಒಳಗೆ ತಂದವರು, ಬಿಳಿಚಿದ್ದು ಬೇರೆ, ಕೆಂಪು ಬೇರೆ ಎಂದು ಆರಿಸಿದವರು, ತೊಟ್ಟು ಬಿಡಿಸಿದವರು ಯಾರು? ಆಯಿಯ ಅಂಗೈಗಳನ್ನು ನಾನು ನೋಡಿದ್ದೇನೆ. ಕೆಲಸದ ದಿನ ರಾತ್ರಿ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂಡುತ್ತಿದ್ದಳು. ಮಗುವನ್ನು ಮುಟ್ಟಿದರೆ ಮಗು ಅಳುತ್ತಿತ್ತು, ಕಣ್ಣು ತಿಕ್ಕಿಕೊಂಡರೆ ತಾನು ಅಳುತ್ತಿದ್ದಳು. ಈಗಲೂ ಬ್ಯಾಡಗಿಯ ಪೇಟೆಗೆ ಹೋಗಿ ನೋಡಿ. ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವವರಲ್ಲಿ ಹೆಂಗಸರೇ ಹೆಚ್ಚು. ಕೈ ಉರಿಸಿಕೊಂಡದ್ದು ಆಕೆ, ಹೆಸರು ಅವನಿಗೆ. ಅದೂ ಹೋಗಲಿ, ಆ ಹೆಸರನ್ನು ಇಟ್ಟುಕೊಳ್ಳುವ ಹಕ್ಕಾದರೂ ಆ ಮನೆಯ ಹೆಣ್ಣುಮಗಳಿಗೆ ಇದೆಯೇ ಎಂದರೆ ಅದೂ ಇಲ್ಲ.

ಬ್ಯಾಡಗಿಯ ಮಾತು ಬಂತಲ್ಲ, ಅಲ್ಲಿಯದೇ ಒಂದು ಸಂಗತಿ ಹೇಳುತ್ತೇನೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆಯ ಆ ಕಾಯಿಗೆ ಮೈಯೆಲ್ಲ ಸುಕ್ಕು, ಖಾರ ಕಡಿಮೆ, ಬಣ್ಣ ಮಾತ್ರ ಕಡುಗೆಂಪು. ಅದರಿಂದ ತೆಗೆದ ಬಣ್ಣ ತಿನಿಸುಗಳಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ನನ್ನ ಹೆಸರು ಕೇಳಿ ಬಾಯಿಗೆ ಕೈ ಅಡ್ಡ ಹಿಡಿಯುವ ಮಹಿಳೆಯರು ಇದನ್ನು ತಿಳಿದಿರಲಿ. 2011ರಲ್ಲಿ ಆ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಎಂದರೆ ಬ್ಯಾಡಗಿ ಎಂಬ ಹೆಸರಿಗೆ ಈಗ ಕಾಯದೆಯ ಕಾವಲಿದೆ. ಆ ಕಾಯಿ ದಿಲ್ಲಿಗೆ ಹೋಗಿ ಮಾರಾಟವಾದರೂ ಬ್ಯಾಡಗಿಯೇ, ದುಬೈಗೆ ಹೋದರೂ ಬ್ಯಾಡಗಿಯೇ. ಬ್ಯಾಡಗಿಯ ಹುಡುಗಿಯನ್ನು ಮಾತ್ರ ಐವತ್ತು ಮೈಲು ಆಚೆ ಹುಬ್ಬಳ್ಳಿಗೆ ಕೊಟ್ಟರೆ ಸಾಕು, ಅಕ್ಕಿಕಾಳು ಬೀಳುವುದರೊಳಗೆ ಅವಳ ಹೆಸರು ಹೋಗಿರುತ್ತದೆ!

ಅತಿಶಯದ ಮಾತಲ್ಲ ಇದು. ನಮ್ಮ ಮೂರು ಹೆಸರುಗಳ ಪದ್ಧತಿಯಲ್ಲಿ ಮದುವೆಯಾದ ಹೆಣ್ಣಿಗೆ ಆಗುವುದೇನು ನೋಡಿ. ನಡುವಿನ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ. ಕೊನೆಯ ಅಡ್ಡಹೆಸರು ಹೋಗಿ ಅವರ ಮನೆಯದು ಬರುತ್ತದೆ. ಕೆಲವು ಮನೆಗಳಲ್ಲಿ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆದು, ಮೊದಲನೆಯದನ್ನೂ ತೆಗೆದುಬಿಡುತ್ತಿದ್ದರು. ಮೂರರಲ್ಲಿ ಮೂರೂ ಹೋದವು. ಅಂಗಡಿಯ ಬೋರ್ಡು ಬದಲಿಸುವವನೂ ಇಷ್ಟು ಚೊಕ್ಕಟವಾಗಿ ಬದಲಿಸಲಾರ. ಇದರಲ್ಲಿ ಇನ್ನೊಂದು ಚೋದ್ಯವಿದೆ. ನಮ್ಮ ಅವ್ವ, ಚಿಗವ್ವಂದಿರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆರತಿಯ ಹೊತ್ತಿನಲ್ಲಿ ಗೆಳತಿಯರು ಬಾಗಿಲು ಅಡ್ಡಗಟ್ಟಿದರೆ ನಾಚಿಕೊಂಡು ಒಡಪಿನಲ್ಲಿ ಹೇಳಬೇಕು, ಅದೂ ಒಮ್ಮೆ. ಅಂಥ ಬಾಯಲ್ಲಿ ಹೇಳಬಾರದ ಹೆಸರನ್ನೇ ಜೀವನಪೂರ್ತಿ ತನ್ನ ಹೆಸರಿನ ಬೆನ್ನಿಗೆ ಕಟ್ಟಿಕೊಂಡು ಎಲ್ಲ ಕಾಗದಗಳಿಗೂ ರುಜು ಮಾಡಬೇಕು.

ನನ್ನದು 1984ರಲ್ಲಿ ಮದುವೆಯಾಯಿತು. ಸೇರಿದ್ದು ಪಾಟೀಲರ ಮನೆ. ಆಗಲೇ ನಾನು ಶಾಲೆಯಲ್ಲಿ ಕೆಲಸಕ್ಕಿದ್ದೆ, ಸರ್ಟಿಫಿಕೇಟುಗಳೆಲ್ಲ ಮೆಣಸಿನಕಾಯಿ ಎಂದೇ ಇದ್ದವು. ಹಾಗೆಯೇ ಇರಲಿ ಎಂದೆ. ಅತ್ತೆಯವರಿಗೆ ಇದು ಅರ್ಥವೇ ಆಗಲಿಲ್ಲ. 'ಅಲ್ಲವಾ, ಪಾಟೀಲರ ಸೊಸಿ ಆಗಿ ಮೆಣಸಿನಕಾಯಿ ಅಂತ ಬರಕೋತೀಯಲ್ಲ, ಮಂದಿ ಏನಂದಾರು?' ಎಂದರು. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ 'ಅಕೀ ಹೆಸರು, ಅಕೀ ಖುಷಿ' ಎಂದರು. ಮನೆಯಲ್ಲಿ ಮಾತು ಅಲ್ಲಿಗೆ ಮುಗಿಯಿತು. ಕಚೇರಿಗಳಲ್ಲಿ ಮುಗಿಯಲಿಲ್ಲ. ಯಾರನ್ನೂ ಕೇಳದೆ ಪಡಿತರ ಚೀಟಿಯಲ್ಲಿ ಪಾಟೀಲ ಎಂದು ಬರೆದರು. ಅದನ್ನು ನೋಡಿ ಮತದಾರರ ಪಟ್ಟಿಯಲ್ಲೂ ಬರೆದರು. ನಾನು ನಿವೃತ್ತಳಾದಾಗ ಪೆನ್ಶನ್ನಿನ ಕಾಗದಗಳು ಒಂದು ಕಚೇರಿಯಲ್ಲಿ ಎಂಟು ತಿಂಗಳು ಕೂತವು. ಇವರಿಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಬೇಕಂತೆ! ಮೂವತ್ತು ವರ್ಷ ಒಂದೇ ರುಜು ಹಾಕಿದವಳು ನಾನು, ಹೆಸರು ಬದಲಿಸಿದವರು ಅವರು, ಅಫಿಡವಿಟ್ಟಿನ ಖರ್ಚು ಮಾತ್ರ ನನ್ನದು.

ಇಷ್ಟೆಲ್ಲ ಈಗ ಬರೆಯಲು ಕಾರಣ ನಮ್ಮ ತಮ್ಮನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ, ಒಳ್ಳೆಯ ಹುಡುಗ. ದೀಪಾವಳಿಗೆ ಬಂದವನು ನನ್ನ ಹತ್ತಿರ ಕೂತು, 'ಅತ್ತೀ, ಹೆಸರು ಬದಲ್ ಮಾಡಸಬೇಕಂತ ಮಾಡೇನಿ. ಮೀಟಿಂಗಿನ್ಯಾಗ ನನ್ನ ಹೆಸರು ಕರದ್ರ ಸಾಕು, ಒಬ್ಬರ ಮಾರಿ ಒಬ್ಬರು ನೋಡ್ತಾರ. ಒಬ್ಬಾಂವ ನನಗ ಚಿಲ್ಲಿ ಅಂತನ ಕರೀತಾನ' ಎಂದ. 'ಕರದ್ರ ಏನಾತು? ನಿನ್ನ ಪಗಾರದಾಗ ಕಡಿಮಿ ಹಿಡೀತಾರೇನು?' ಎಂದು ಕೇಳಿದೆ. ನಕ್ಕ, ಆದರೆ ಅವನು ನಿಶ್ಚಯ ಮಾಡಿಕೊಂಡೇ ಬಂದಿದ್ದ. ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಗೆಜೆಟ್ಟು, ಎಲ್ಲ ವಿಚಾರಿಸಿದ್ದ. ನಮ್ಮ ಅಣ್ಣನಿಗೆ ಇಬ್ಬರೂ ಹೆಣ್ಣುಮಕ್ಕಳು. ಎಂದರೆ ಈ ಹುಡುಗ ಹೆಸರು ಬಿಟ್ಟ ದಿನ ನಮ್ಮ ಮನೆಯಲ್ಲಿ ಆ ಹೆಸರು ತೀರಿದಂತೆಯೇ ಎಂದು ಅಣ್ಣ, ತಮ್ಮ ಇಬ್ಬರೂ ಮುಖ ಸಣ್ಣ ಮಾಡಿಕೊಂಡು ಕೂತರು. ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ಮೆಣಸಿನಕಾಯಿಯವರು, ಅಣ್ಣನ ಹೆಣ್ಣುಮಕ್ಕಳು, ಚಹಾದ ಕಪ್ಪು ಹಿಡಿದುಕೊಂಡು ನಿಂತಿದ್ದರು. ಕೂತವರ ಕಣ್ಣಿಗೆ ಅವರು ಕಾಣಲಿಲ್ಲ.

ಇದು ನಮ್ಮ ಅಣ್ಣತಮ್ಮಂದಿರ ಕುರುಡಷ್ಟೇ ಅಲ್ಲ. ಅಪರೂಪದ ಹೆಸರುಗಳು ಹೇಗೆ ನಶಿಸುತ್ತವೆ ಎಂದು ಇಂಗ್ಲೆಂಡಿನ ಪಂಡಿತರು ಗಣಿತ ಹಾಕಿಯೇ ನೋಡಿದ್ದಾರೆ. ಫ್ರಾನ್ಸಿಸ್ ಗಾಲ್ಟನ್ ಎಂಬಾತ 1873ರಲ್ಲಿ ಈ ಪ್ರಶ್ನೆಯನ್ನು ಎತ್ತಿದ. ವಾಟ್ಸನ್ ಎಂಬ ಪಾದ್ರಿ ಲೆಕ್ಕ ಮಾಡಿದ. 1874ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಒಬ್ಬ ಗಂಡಸಿಗೆ ಇಷ್ಟು ಗಂಡುಮಕ್ಕಳು, ಅವರಿಗೆ ಇಷ್ಟು ಗಂಡುಮಕ್ಕಳು ಎಂದು ಹೋದರೆ ಆ ಹೆಸರು ಎಷ್ಟು ತಲೆಮಾರಿಗೆ ಅಳಿಯುತ್ತದೆ ಎಂಬುದು ಲೆಕ್ಕ. ಕೊನೆಗೆ ಎಲ್ಲ ಹೆಸರುಗಳೂ ಅಳಿದೇ ಅಳಿಯುತ್ತವೆ ಎಂದು ವಾಟ್ಸನ್ ಹೇಳಿದ್ದರಲ್ಲಿ ತಪ್ಪಿತ್ತು, ಮುಂದಿನವರು ತಿದ್ದಿದರು. ಆದರೆ ಆ ಲೆಕ್ಕದಲ್ಲಿ ಹೆಣ್ಣುಮಗಳು ಸೊನ್ನೆ. ನಾಲ್ಕು ಹೆಣ್ಣುಮಕ್ಕಳಿದ್ದವನ ಹೆಸರೂ ಮಕ್ಕಳೇ ಇಲ್ಲದವನ ಹೆಸರೂ ಅಲ್ಲಿ ಒಂದೇ. ಆ ಸೊನ್ನೆಯನ್ನು ಬರೆದದ್ದು ಗಣಿತವಲ್ಲ, ರೂಢಿ. ನಮ್ಮ ಮನೆಯ ಪಡಸಾಲೆಯಲ್ಲಿ ಕೂತವರೂ ಅದೇ ರೂಢಿಯ ಲೆಕ್ಕವನ್ನೇ ಹಾಕುತ್ತಿದ್ದರು. ಅಪರೂಪದ ಹೆಸರು ಅಪರೂಪವಾದದ್ದು ಹೀಗೆ. ನಗುವವರಿಗೆ ಅಂಜಿ ಗಂಡುಮಕ್ಕಳು ಬಿಟ್ಟರು, ಉಳಿಸಿಕೊಳ್ಳಬಲ್ಲ ಹೆಣ್ಣುಮಕ್ಕಳಿಂದ ಕಿತ್ತುಕೊಂಡರು. ಆಮೇಲೆ 'ಅಯ್ಯೋ, ವಂಶದ ಹೆಸರು ಹೋಯಿತು' ಎಂದು ಗೋಳಾಡಿದರು.

'ತವರಿನ ಹೆಸರು ಎನ್ನುವುದಾದರೂ ಏನು, ಅದೂ ಅಪ್ಪನದೇ ಅಲ್ಲವೇ? ಒಬ್ಬ ಗಂಡಸಿನದು ಬಿಟ್ಟು ಇನ್ನೊಬ್ಬನದು ಹಿಡಿದರೆ ನಷ್ಟವೇನು?' ಎಂದು ಓದಿದ ಗೆಳತಿಯೊಬ್ಬಳು ನನ್ನನ್ನು ಕೇಳಿದ್ದಾಳೆ. ಪ್ರಶ್ನೆ ಸಣ್ಣದಲ್ಲ. ಆದರೆ ಇದನ್ನು ಗಂಡುಮಗನಿಗೆ ಯಾರಾದರೂ ಕೇಳಿದ್ದಾರೆಯೇ? ಅಪ್ಪನ ಹೊಲ ಅವನಿಗೆ ಬಂದಾಗ ಅದು ಅವನ ಹೊಲ, ಅಪ್ಪನ ಹೆಸರು ಅವನಿಗೆ ಬಂದಾಗ ಅದು ಅವನ ಹೆಸರು. ನನಗೆ ಬಂದದ್ದು ಮಾತ್ರ ಕೊನೆಯತನಕ ಅಪ್ಪನದಾಗಿಯೇ ಏಕೆ ಉಳಿಯಬೇಕು? ಹಾಜರಿ ಪುಸ್ತಕದಲ್ಲಿ ಕರೆಸಿಕೊಂಡದ್ದು, ಹುಡುಗರು ಚೇಷ್ಟೆ ಮಾಡಿದಾಗ ಕಣ್ಣೀರು ಹಾಕಿದ್ದು, ಮೊದಲ ಪಗಾರದ ಪಟ್ಟಿಗೆ ರುಜು ಮಾಡಿದ್ದು ಈ ಹೆಸರಿನಿಂದ. ಇಪ್ಪತ್ತೈದು ವರ್ಷ ಬಳಸಿದ್ದು ನನ್ನದೇ. ಗಂಡನ ಹೆಸರನ್ನು ಮನಸ್ಸಾರೆ ಇಟ್ಟುಕೊಂಡವರ ಮೇಲೂ ನನಗೆ ಸಿಟ್ಟಿಲ್ಲ. ಕೇಳದೆ ಬದಲಿಸುವವರ ಮೇಲೆ ಸಿಟ್ಟು.

ಇನ್ನೊಂದನ್ನೂ ಹೇಳಿಬಿಡಬೇಕು. ಹೆಸರು ಹೇಳಿದೊಡನೆ ಜಾತಿ ಅಳೆದು, ನೀರಿನ ಲೋಟ ಬೇರೆ ಇಡುವ ಜನರ ನಡುವೆ ಬದುಕಿದವರು ಆ ಹೆಸರನ್ನು ಕಳಚಿ ಬಿಸಾಡಿದರೆ ಅದಕ್ಕೆ ನನ್ನ ನಮಸ್ಕಾರ. ಅದು ಅಂಜಿಕೆಯಲ್ಲ, ಪ್ರತಿಭಟನೆ. ಹಾಗೆಂದು ಕಸುಬಿನ ಹೆಸರನ್ನು ಹೆಮ್ಮೆಯಿಂದ ಹೊತ್ತವರೂ ಇದ್ದಾರೆ. ಕಬ್ಬಿಣ ಬಡಿಯುವ ಕಸುಬನ್ನು ಹೇಳುವ ಕಂಬಾರ ಎಂಬ ಹೆಸರನ್ನು ಚಂದ್ರಶೇಖರ ಕಂಬಾರರು ಮರೆಮಾಚಲಿಲ್ಲ. 2010ರ ಜ್ಞಾನಪೀಠ ಆ ಹೆಸರಿಗೇ ಬಂತು. ನಮ್ಮ ಹುಡುಗನ ಕಷ್ಟ ಇವೆರಡೂ ಅಲ್ಲ, ಬರೀ ನಾಚಿಕೆ.

ತಾಯಿಯ ಕಡೆಯಿಂದ ಹೆಸರು ಬಂದರೆ ಪ್ರಪಂಚ ಮುಳುಗುತ್ತದೆಯೇ? ಗಂಗೂಬಾಯಿ ಹಾನಗಲ್ಲರನ್ನು ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಂದೆ ನಾಡಗೀರ, ಗಂಡ ಕೌಲಗಿ. ಆಕೆ ಮಾತ್ರ ಹಾನಗಲ್. ಮೊದಮೊದಲು ಗ್ರಾಮಫೋನ್ ತಟ್ಟೆಗಳ ಮೇಲೆ ಕಂಪನಿಯವರು 'ಗಾಂಧಾರಿ ಹುಬ್ಬಳ್ಳಿ' ಎಂದು ಅಚ್ಚು ಹಾಕಿದರು. ಅದನ್ನೂ ದಾಟಿಕೊಂಡು ಹಾನಗಲ್ಲೇ ಉಳಿಯಿತು, 2002ರ ಪದ್ಮವಿಭೂಷಣ ಅದೇ ಹೆಸರಿಗೆ ಸಂದಿತು, ಜೊತೆಗೂಡಿ ಹಾಡುತ್ತಿದ್ದ ಮಗಳು ಕೃಷ್ಣಾ ಕೂಡ ಹಾನಗಲ್ಲಳೇ ಆದಳು. ಇದನ್ನು ಸಿಹಿಯಾದ ಕಥೆಯಾಗಿ ಮಾಡಿ ಹೇಳಬಾರದು. ಹಾಡುವ ಮನೆತನದ ಹೆಣ್ಣುಮಕ್ಕಳಿಗೆ ಗಂಡನ ಹೆಸರನ್ನು ಕೊಡಲು ಅಂದಿನ ಸಮಾಜ ಒಪ್ಪುತ್ತಿರಲಿಲ್ಲ, ಆದ್ದರಿಂದ ತಾಯಿಯದೇ ಉಳಿಯುತ್ತಿತ್ತು. ಅವಮಾನವೆಂದು ಉಳಿಸಿದ ಹೆಸರನ್ನೇ ಆಕೆ ದೇಶವೆಲ್ಲ ಕೈ ಮುಗಿಯುವಂತೆ ಮಾಡಿದರು. ಹಾನಗಲ್ಲ ಎಂಬ ಊರಿದೆ ಎಂದು ಎಷ್ಟೋ ಜನಕ್ಕೆ ತಿಳಿದದ್ದು ಆಕೆಯಿಂದ.

ಇನ್ನು ಕಾಯದೆಯ ಮಾತು. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂಬ ಕಾಯದೆ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಹಳೆಯ ಹೆಸರಿನಲ್ಲೇ ಪಾಸ್‌ಪೋರ್ಟು ಇಟ್ಟುಕೊಳ್ಳಬಹುದು. 2016ರ ಡಿಸೆಂಬರಿನಲ್ಲಿ ಮಾಡಿದ ಬದಲಾವಣೆಯಿಂದ ಅದಕ್ಕೆ ಮದುವೆಯ ಸರ್ಟಿಫಿಕೇಟೂ ಬೇಡವಾಯಿತು, ಅರ್ಜಿಯಲ್ಲಿ ತಂದೆತಾಯಿಗಳಲ್ಲಿ ಒಬ್ಬರ ಹೆಸರಿದ್ದರೆ ಸಾಕೆಂದಾಯಿತು. ತಂದೆ ತೀರಿಕೊಂಡ ಮಗುವಿಗೆ ಯಾವ ಅಡ್ಡಹೆಸರು ಎಂಬುದನ್ನು ನಿರ್ಧರಿಸುವ ಹಕ್ಕು ತಾಯಿಯದು ಎಂದು 2022ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಕೌಂಟರಿನ ಆಚೆ ಕೂತವನು 'ರೂಲ್ ಹಂಗ ಐತ್ರಿ ಅಕ್ಕಾರ' ಎಂದರೆ, 'ಯಾವ ರೂಲು, ತೋರಸ್ರಿ' ಎಂದು ಕೇಳಿ. ದನಿ ಎತ್ತಬೇಕಾಗಿಲ್ಲ. ಕೇಳಿ ಅಲ್ಲೇ ನಿಂತುಕೊಂಡರಾಯಿತು. ನಿಮ್ಮ ಹಿಂದಿನ ಸಾಲು ಉದ್ದವಾದಂತೆ ಅವನಿಗೇ ದಾರಿ ಹೊಳೆಯುತ್ತದೆ. ಇದು ನಾನು ಎಂಟು ತಿಂಗಳಲ್ಲಿ ಕಲಿತದ್ದು.

ಅಣ್ಣನ ಹಿರಿಯ ಮಗಳಿಗೆ ಈ ವೈಶಾಖದಲ್ಲಿ ಮದುವೆ ಗೊತ್ತಾಗಿದೆ. ಹುಡುಗಿ ಡಾಕ್ಟರು, ದವಾಖಾನೆಯ ಬೋರ್ಡಿನ ಮೇಲೆ ಈಗಾಗಲೇ ಮೆಣಸಿನಕಾಯಿ ಎಂದಿದೆ. ರೋಗಿಗಳು ಅದನ್ನು ಓದಿ ನಗುವುದಿಲ್ಲ, ಮುಲುಕುತ್ತ ಒಳಗೆ ಬರುತ್ತಾರೆ. ಹೋದ ವಾರ ನಿಶ್ಚಯಕ್ಕೆ ಬಂದಾಗ ಅವಳೇ ಬೀಗರ ಮುಂದೆ, ತನ್ನ ಹೆಸರು ಹೀಗೆಯೇ ಇರುತ್ತದೆ ಎಂದಳು. ನಾನು ಹೇಳಿಕೊಟ್ಟದ್ದು ಎಂದು ಎಲ್ಲರೂ ನನ್ನ ಕಡೆ ನೋಡಿದರು. ಹೇಳಿಕೊಟ್ಟದ್ದು ನಿಜವಲ್ಲ, ಕೇಳಿ ಖುಷಿಯಾದದ್ದು ನಿಜ. ಬೀಗರು ಕೆಮ್ಮಿ ನೀರು ಕುಡಿದರು. ಬೀಗತಿ ಮಾತ್ರ ತಟ್ಟೆಯಲ್ಲಿದ್ದ ರಂಜಕವನ್ನು ರೊಟ್ಟಿಗೆ ಹಚ್ಚಿಕೊಳ್ಳುತ್ತ, 'ನಮ್ಮ ತವರಮನಿ ಹೆಸರು ಬದನಿಕಾಯಿ ಇತ್ರಿ. ಮದುವಿಯಾಗಿ ಮೂವತ್ತ ವರ್ಷ ಆತು, ಯಾರೂ ಕೇಳಿಲ್ಲ' ಎಂದರು. ಬೀಗರು ಇನ್ನೂ ಏನೂ ಹೇಳಿ ಕಳಿಸಿಲ್ಲ. ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕು, ಪ್ರೆಸ್ಸಿನವರು ದಿನಾ ಫೋನು ಮಾಡುತ್ತಿದ್ದಾರೆ.